ಹತ್ತು ವರ್ಷ ಮಿಲಿಟರಿ ಕೈಗೆ ಕೊಡಬೇಕೇ? ಮೇಷ್ಟ್ರ ಕಾಗದಕ್ಕೆ ಉತ್ತರ

ಕೋಲಾರ ಜಿಲ್ಲೆಯ ಹಳ್ಳಿಯೊಂದರಿಂದ ನಿವೃತ್ತ ಮೇಷ್ಟ್ರೊಬ್ಬರು ನಾಲ್ಕು ಪುಟದ ಕಾಗದ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ. ಅದರ ತಿರುಳು ಇಷ್ಟು:

"ನಮ್ಮೂರ ಕೆರೆ ಅಂಗಳ ಒತ್ತುವರಿಯಾಗಿ ಆರು ವರ್ಷವಾಯಿತು. ಅರ್ಜಿ ಹಿಡಿದು ಅಲೆದೂ ಅಲೆದೂ ಚಪ್ಪಲಿ ಸವೆಯಿತು. ಮಗ ಸೈನ್ಯದಲ್ಲಿದ್ದಾನೆ. ಅಲ್ಲಿ ಹೇಳಿದ ಕೆಲಸ ಹೇಳಿದ ಹೊತ್ತಿಗೆ ಆಗುತ್ತದೆ. ಈ ದೇಶವನ್ನೂ ಹತ್ತು ವರ್ಷ ಮಿಲಿಟರಿ ಕೈಗೆ ಕೊಟ್ಟರೆ ಎಲ್ಲ ಸರಿಹೋಗುತ್ತದೆ. ಅಯೂಬ್ ಖಾನ್ ಕಾಲದಲ್ಲಿ ಪಾಕಿಸ್ತಾನ ನಮಗಿಂತ ಮುಂದಿತ್ತು. ಅಮೆರಿಕ ದುಡ್ಡು ಸುರಿಯಿತು, ದೊಡ್ಡ ದೊಡ್ಡ ಅಣೆಕಟ್ಟು ಎದ್ದವು. ಇಷ್ಟು ವರ್ಷ ವೋಟು ಹಾಕಿ ನಮಗೆ ಸಿಕ್ಕಿದ್ದೇನು?"

ಮೇಷ್ಟ್ರೇ, ನಮಸ್ಕಾರ. ನಿಮ್ಮ ಕಾಗದವನ್ನು ಎರಡು ಸಲ ಓದಿದೆ. ಸಿಟ್ಟು ನಿಜವಾದದ್ದು, ಅದಕ್ಕೇ ಎರಡು ಸಾಲಿನಲ್ಲಿ ಮುಗಿಸಲು ಮನಸ್ಸು ಬರಲಿಲ್ಲ. ಕೆರೆ ವಿಷಯಕ್ಕೆ ಕೊನೆಗೆ ಬರುತ್ತೇನೆ. ಮೊದಲು ಅಯೂಬ್ ಖಾನ್.

ನೀವು ಹೇಳಿದ್ದರಲ್ಲಿ ಸತ್ಯ ಇದೆ. 1958ರ ಅಕ್ಟೋಬರ್‌ನಲ್ಲಿ ಪಾಕಿಸ್ತಾನದ ಸೇನಾ ಮುಖ್ಯಸ್ಥ ಅಯೂಬ್ ಅಧಿಕಾರ ಹಿಡಿದರು. ಅರವತ್ತರ ದಶಕದಲ್ಲಿ ಪಾಕಿಸ್ತಾನದ ಆರ್ಥಿಕತೆ ವರ್ಷಕ್ಕೆ ಶೇ 6ರ ಆಸುಪಾಸಿನಲ್ಲಿ ಬೆಳೆಯಿತು, ನಮ್ಮದು ಶೇ 4ರ ಹತ್ತಿರ ಇತ್ತು. ಕಾರ್ಖಾನೆಗಳು ಬಂದವು, ಮಂಗಳಾ ಅಣೆಕಟ್ಟು ಎದ್ದಿತು. ಇದನ್ನೆಲ್ಲ ಸುಳ್ಳು ಅನ್ನುವುದಿಲ್ಲ. ಆದರೆ ಆ ಬೆಳೆ ಯಾರ ಕಣಕ್ಕೆ ಹೋಯಿತು ಅಂತ ಕೇಳಬೇಕಲ್ವಾ? ಅದನ್ನು ಹೇಳಿದ್ದು ನಮ್ಮವರಲ್ಲ, ಅವರದೇ ಯೋಜನಾ ಆಯೋಗದ ಮುಖ್ಯ ಅರ್ಥಶಾಸ್ತ್ರಜ್ಞ ಮಹಬೂಬ್ ಉಲ್ ಹಕ್. ದೇಶದ ಕೈಗಾರಿಕೆಯ ಮೂರನೇ ಎರಡು ಪಾಲು, ಬ್ಯಾಂಕುಗಳ ಶೇ 80ರಷ್ಟು ಬರೀ 22 ಮನೆತನಗಳ ಕೈಯಲ್ಲಿದೆ ಎಂದು 1968ರಲ್ಲಿ ಅವರು ಬಹಿರಂಗವಾಗಿ ಹೇಳಿದರು. ಅದೇ ವರ್ಷ ಸರ್ಕಾರ 'ಅಭಿವೃದ್ಧಿಯ ದಶಕ' ಅಂತ ಹಬ್ಬ ಮಾಡುತ್ತಿತ್ತು. ಅದೇ ವರ್ಷದ ಕೊನೆಗೆ ವಿದ್ಯಾರ್ಥಿಗಳೂ ಕಾರ್ಮಿಕರೂ ಬೀದಿಗೆ ಬಂದರು. 1969ರ ಮಾರ್ಚಿಗೆ ಅಯೂಬ್ ಮನೆಗೆ ಹೋದರು. ಹೋಗುವಾಗ ಅಧಿಕಾರ ಯಾರಿಗೆ ಕೊಟ್ಟರು? ಅವರೇ ಬರೆಸಿದ ಸಂವಿಧಾನದ ಪ್ರಕಾರ ಅದು ಸಭಾಧ್ಯಕ್ಷರಿಗೆ ಹೋಗಬೇಕಿತ್ತು. ಕೊಟ್ಟದ್ದು ಇನ್ನೊಬ್ಬ ಜನರಲ್‌ಗೆ, ಯಾಹ್ಯಾ ಖಾನ್‌ಗೆ.

ಇನ್ನು ಮಂಗಳಾ ಅಣೆಕಟ್ಟು. ಅದಕ್ಕಾಗಿ ಹಳೇ ಮೀರ್‌ಪುರ ಊರೇ ಮುಳುಗಿತು, ಸುಮಾರು ಒಂದು ಲಕ್ಷ ಜನ ನೆಲೆ ಬಿಟ್ಟು ಎದ್ದರು. ಅವರಲ್ಲಿ ತುಂಬಾ ಜನ ಬ್ರಿಟನ್ನಿಗೆ ಹೋಗಿ ಗಿರಣಿ ಕೆಲಸಕ್ಕೆ ಸೇರಿದರು. ನಮ್ಮಲ್ಲೂ ಅಣೆಕಟ್ಟಿಗೆ ಊರು ಮುಳುಗಿವೆ, ಅನ್ಯಾಯವೂ ಆಗಿದೆ. ಆದರೆ ನಿಮ್ಮ ಜಿಲ್ಲೆಯ ಉದಾಹರಣೆಯನ್ನೇ ನೋಡಿ. 2018ರಲ್ಲಿ ಕೆ.ಸಿ. ವ್ಯಾಲಿ ನೀರು, ಅಂದರೆ ಬೆಂಗಳೂರಿನ ಕೊಳಚೆಯನ್ನು ಶುದ್ಧೀಕರಿಸಿ ಕಳಿಸುವ ನೀರು, ಕೋಲಾರದ ಕೆರೆಗೆ ಬಂದಾಗ ನೊರೆ ಎದ್ದಿತ್ತು, ನಿಮಗೂ ನೆನಪಿರುತ್ತದೆ. ಜನ ಗಲಾಟೆ ಮಾಡಿದರು, ಪತ್ರಿಕೆಗಳು ಬರೆದವು, ರೈತರು ಕೋರ್ಟಿಗೆ ಹೋದರು, ಕೋರ್ಟು ಆ ನೀರನ್ನು ಕೆಲಕಾಲ ನಿಲ್ಲಿಸಿತು. ಆಮೇಲೆ ಮತ್ತೆ ಹರಿಯಿತು. ಆ ನೀರು ಒಳ್ಳೆಯದೋ ಕೆಟ್ಟದೋ ಅನ್ನುವ ಜಗಳ ಇವತ್ತಿಗೂ ಇದೆ. ಆದರೆ ಹಳ್ಳಿಯ ರೈತನೊಬ್ಬ ಸರ್ಕಾರದ ದೊಡ್ಡ ಯೋಜನೆಗೆ ಕೈ ಅಡ್ಡ ಹಿಡಿಯಲು ಆಯಿತು. ಮೀರ್‌ಪುರದವರಿಗೆ ಅಂಥ ಬಾಗಿಲೇ ಇರಲಿಲ್ಲ.

ಈಗ ನೀವು ಮುಖ್ಯವಾಗಿ ಎತ್ತಿರುವ ಮಾತಿಗೆ ಬರುತ್ತೇನೆ. "ಅಮೆರಿಕ ದುಡ್ಡು ಸುರಿಯಿತು" ಅಂತ ಬರೆದಿದ್ದೀರಿ. ಯಾಕೆ ಸುರಿಯಿತು? ಇದನ್ನು ಸ್ವಲ್ಪ ನಿಧಾನವಾಗಿ ನೋಡೋಣ, ಯಾಕೆಂದರೆ ನನ್ನ ಉತ್ತರವೆಲ್ಲ ಇಲ್ಲೇ ಇದೆ.

ವೋಟಿನಿಂದ ಬಂದವನು ಐದು ವರ್ಷಕ್ಕೊಮ್ಮೆ ನಿಮ್ಮ ಬಾಗಿಲಿಗೆ ಬರಲೇಬೇಕು. ಸುಳ್ಳು ಹೇಳಿಕೊಂಡಾದರೂ, ಕೈ ಮುಗಿದಾದರೂ ಬರಬೇಕು. ಬಂದೂಕಿನಿಂದ ಬಂದವನಿಗೆ ಆ ಬಾಗಿಲು ಬೇಡ. ಆದರೆ ಅವನಿಗೂ ಯಾರದೋ ಬಲ ಬೇಕೇ ಬೇಕು. ಊರಿನ ಬಲ ಇಲ್ಲದವನು ಹೊರಗಿನ ಬಲ ಹುಡುಕುತ್ತಾನೆ. ಹೊರಗಿನವರಿಗೂ ಅದೇ ಅನುಕೂಲ. ನಾನೂರು ಐನೂರು ಜನ ಇರುವ ಸಂಸತ್ತನ್ನು ಒಪ್ಪಿಸುವುದು ಕಷ್ಟ, ಒಬ್ಬ ಜನರಲ್‌ನನ್ನು ಒಪ್ಪಿಸುವುದು ಸುಲಭ.

ಅಯೂಬ್ ಕಾಲದಲ್ಲಿ ಪೇಶಾವರದ ಹತ್ತಿರ ಬಡಾಬೇರ್ ಅನ್ನುವ ಜಾಗವನ್ನು ಅಮೆರಿಕಕ್ಕೆ ಹತ್ತು ವರ್ಷಕ್ಕೆ ಬಿಟ್ಟುಕೊಟ್ಟರು. ಸೋವಿಯತ್ ದೇಶದ ಸಂದೇಶಗಳನ್ನು ಕದ್ದು ಕೇಳುವ ನೆಲೆ ಅದು. 1960ರ ಮೇ 1ರಂದು ಪೇಶಾವರದಿಂದ ಹಾರಿದ ಅಮೆರಿಕದ ಬೇಹುಗಾರಿಕೆ ವಿಮಾನ ಯು-2ನ್ನು ಸೋವಿಯತ್ತರು ಹೊಡೆದುರುಳಿಸಿದರು. ಪೈಲಟ್ ಜೀವಂತ ಸಿಕ್ಕಿಬಿದ್ದ. ಆಗ ಸೋವಿಯತ್ ನಾಯಕ ಕ್ರುಶ್ಚೇವ್ ಪಾಕಿಸ್ತಾನದ ರಾಯಭಾರಿಗೆ, ನಮ್ಮ ನಕ್ಷೆಯಲ್ಲಿ ಪೇಶಾವರದ ಸುತ್ತ ಗುರುತು ಹಾಕಿಟ್ಟಿದ್ದೇವೆ ಎಂದು ಎಚ್ಚರಿಸಿದರು. ಯೋಚನೆ ಮಾಡಿ ಮೇಷ್ಟ್ರೇ. ಪೇಶಾವರದ ಅಂಗಡಿಯವರು, ಗಾಡಿ ಹೊಡೆಯುವವರು, ಶಾಲೆ ಮಕ್ಕಳು, ಇವರ ಯಾರ ಒಪ್ಪಿಗೆಯೂ ಇಲ್ಲದೆ ಅವರ ಊರು ಇನ್ನೊಬ್ಬರ ಯುದ್ಧದ ಗುರಿಯಾಯಿತು. ಆ ದುಡ್ಡಿಗೆ ಕೊಟ್ಟ ಬೆಲೆ ಇದು.

1970ರ ಡಿಸೆಂಬರ್‌ನಲ್ಲಿ ಯಾಹ್ಯಾ ಚುನಾವಣೆ ಮಾಡಿಸಿದರು. ಪೂರ್ವ ಪಾಕಿಸ್ತಾನದ (ಈಗಿನ ಬಾಂಗ್ಲಾದೇಶ) 162 ಸ್ಥಾನಗಳಲ್ಲಿ 160ನ್ನು ಅಲ್ಲಿನ ಬಂಗಾಳಿಗಳ ಪಕ್ಷ ಅವಾಮಿ ಲೀಗ್ ಗೆದ್ದಿತು. ಇಡೀ ದೇಶದಲ್ಲೇ ಅದಕ್ಕೆ ಬಹುಮತ. ಅಧಿಕಾರ ಕೊಡಲಿಲ್ಲ. 1971ರ ಮಾರ್ಚ್ 25ರ ರಾತ್ರಿ ಢಾಕಾದಲ್ಲಿ ಸೈನ್ಯವನ್ನು ತನ್ನದೇ ಜನರ ಮೇಲೆ ಬಿಟ್ಟರು. ಒಂದು ಕೋಟಿಯಷ್ಟು ಜನ ನಿರಾಶ್ರಿತರಾಗಿ ನಮ್ಮ ದೇಶಕ್ಕೆ ಬಂದರು. ಢಾಕಾದಲ್ಲಿದ್ದ ಅಮೆರಿಕದ ಕಾನ್ಸಲ್ ಜನರಲ್ ಆರ್ಚರ್ ಬ್ಲಡ್ ಮತ್ತು ಅವರ ಸಿಬ್ಬಂದಿ, ಇದನ್ನು ನೋಡಿಯೂ ಅಮೆರಿಕ ಸರ್ಕಾರ ಸುಮ್ಮನಿರುವುದು ತಪ್ಪು ಎಂದು ವಾಷಿಂಗ್ಟನ್ನಿಗೆ ತಂತಿ ಕಳಿಸಿದರು. ಅಧ್ಯಕ್ಷ ನಿಕ್ಸನ್ ಕೇಳಲಿಲ್ಲ, ಬ್ಲಡ್ ಅವರನ್ನೇ ಅಲ್ಲಿಂದ ಎತ್ತಿದರು. ಯಾಕೆಂದರೆ ಆ ಹೊತ್ತಿಗೆ ಅಮೆರಿಕಕ್ಕೆ ಚೀನಾದ ಜೊತೆ ಗುಟ್ಟಾಗಿ ಮಾತಾಡಬೇಕಿತ್ತು, ನಡುವಿನ ದೂತ ಯಾಹ್ಯಾ ಖಾನ್. ಆ ಜುಲೈನಲ್ಲಿ ನಿಕ್ಸನ್ ಸಲಹೆಗಾರ ಕಿಸಿಂಜರ್ ಬೀಜಿಂಗ್‌ಗೆ ಹಾರಿದ್ದು ಪಾಕಿಸ್ತಾನದ ಮೂಲಕವೇ. ಬಂಗಾಳಿಗಳ ರಕ್ತಕ್ಕಿಂತ ಆ ಒಂದು ವಿಮಾನಯಾನ ದೊಡ್ಡದಾಯಿತು. ಇದನ್ನು ಬರೆಯುವಾಗ ಇವತ್ತಿಗೂ ನನಗೆ ಹೊಟ್ಟೆ ಸಂಕಟವಾಗುತ್ತದೆ.

ಮುಂದೆ 1977. ಈ ವರ್ಷವನ್ನು ನಿಮ್ಮ ತಲೆಮಾರಿನವರು ಮರೆಯುವುದಿಲ್ಲ. ಮಾರ್ಚಿನಲ್ಲಿ ನಮ್ಮ ಜನ ವೋಟು ಹಾಕಿ ತುರ್ತುಪರಿಸ್ಥಿತಿ ಹೇರಿದ ಸರ್ಕಾರವನ್ನು ಇಳಿಸಿದರು. ಅದೇ ಮಾರ್ಚಿನಲ್ಲಿ ಪಾಕಿಸ್ತಾನದಲ್ಲೂ ಚುನಾವಣೆ ಆಯಿತು. ಪ್ರಧಾನಿ ಭುಟ್ಟೋ ಮೋಸದಿಂದ ಗೆದ್ದರು ಎಂದು ಜನ ಬೀದಿಗಿಳಿದರು. ಜುಲೈ 5ಕ್ಕೆ ಜನರಲ್ ಜಿಯಾ ಬಂದರು. 90 ದಿನದೊಳಗೆ ಚುನಾವಣೆ ಮಾಡಿಸಿ ಹೊರಡುತ್ತೇನೆ ಎಂದು ಮಾತು ಕೊಟ್ಟರು. ನೀವು ಹತ್ತು ವರ್ಷ ಅಂತ ಗಡುವು ಹಾಕಿದ್ದೀರಲ್ಲ, ಅವರು ತೊಂಬತ್ತೇ ದಿನ ಎಂದಿದ್ದರು. 1988ರ ಆಗಸ್ಟ್‌ನಲ್ಲಿ ವಿಮಾನ ಬಿದ್ದು ಸಾಯುವವರೆಗೆ, 11 ವರ್ಷ, ಕುರ್ಚಿ ಬಿಡಲಿಲ್ಲ. 1979ರಲ್ಲಿ ಭುಟ್ಟೋರನ್ನು ಗಲ್ಲಿಗೇರಿಸಿದರು. 1978ರ ಮೇನಲ್ಲಿ ಮೂವರು ಪತ್ರಕರ್ತರಿಗೆ ಛಡಿ ಏಟು ಹೊಡೆಸಿದರು. ಸೆನ್ಸಾರ್ ಕತ್ತರಿಸಿದ ಸುದ್ದಿಯ ಜಾಗವನ್ನು ಪತ್ರಿಕೆಗಳು ಖಾಲಿ ಬಿಟ್ಟು ಅಚ್ಚು ಹಾಕುತ್ತಿದ್ದವು. ನಿಮ್ಮ ಕಾಗದ ಈಗ ನನ್ನ ಮೇಜಿನ ಮೇಲಿದೆ. ಸರ್ಕಾರವನ್ನು ನೀವು ಅಷ್ಟು ಬೈದಿದ್ದೀರಿ, ನಾನು ಅದನ್ನು ಇಲ್ಲಿ ಅಚ್ಚು ಹಾಕುತ್ತಿದ್ದೇನೆ. ಅಲ್ಲಿ, ಆಗ, ಇಬ್ಬರಿಗೂ ಆಗುತ್ತಿರಲಿಲ್ಲ.

1979ರ ಕೊನೆಯಲ್ಲಿ ಸೋವಿಯತ್ ಸೈನ್ಯ ಆಫ್ಘಾನಿಸ್ತಾನಕ್ಕೆ ನುಗ್ಗಿತು. ಅಲ್ಲಿಯವರೆಗೆ ಜಿಯಾರನ್ನು ದೂರ ಇಟ್ಟಿದ್ದ ಅಮೆರಿಕಕ್ಕೆ ದಿಢೀರನೆ ಅವರು ಬೇಕಾದರು. ಅಧ್ಯಕ್ಷ ಕಾರ್ಟರ್ 40 ಕೋಟಿ ಡಾಲರ್ ಕೊಡುತ್ತೇವೆಂದರು. ಜಿಯಾ ಅದನ್ನು 'ಕಡಲೆಕಾಯಿ' ಅಂತ ತಳ್ಳಿಬಿಟ್ಟರು. ಕಾರ್ಟರ್ ಕಡಲೆಕಾಯಿ ಬೆಳೆದ ಮನೆಯವರು, ಅದಕ್ಕೆ ಆ ಮಾತು. (ಪಾವಗಡ, ಬಾಗೇಪಲ್ಲಿ ಕಡೆಯ ರೈತರು ಕಡಲೆಕಾಯಿಯನ್ನು ಹಾಗೆ ಹಗುರವಾಗಿ ಆಡಿದರೆ ಒಪ್ಪುವುದಿಲ್ಲ ಬಿಡಿ, ಅದು ಅವರ ವರ್ಷದ ಅನ್ನ.) ಮುಂದೆ ರೇಗನ್ ಬಂದು ಆರು ವರ್ಷಕ್ಕೆ 320 ಕೋಟಿ ಡಾಲರ್ ಕೊಟ್ಟರು. ಶಸ್ತ್ರಗಳು ಹೊಳೆಯ ಹಾಗೆ ಹರಿದವು. ಗಡಿಯ ಆಚೆಗೆ ಹೋಗಬೇಕಿದ್ದ ಬಂದೂಕುಗಳು ಪೇಶಾವರ, ಕರಾಚಿಯ ಗಲ್ಲಿಗಳಲ್ಲೂ ಉಳಿದವು, ಜೊತೆಗೆ ಹೆರಾಯಿನ್ ಬಂತು. 1989ರ ಫೆಬ್ರುವರಿಯಲ್ಲಿ ಸೋವಿಯತ್ ಸೈನ್ಯ ಹೊರಟಿತು. 1990ರಲ್ಲಿ ಅಣುಬಾಂಬಿನ ಕಾರಣ ಮುಂದಿಟ್ಟು ಅಮೆರಿಕ ನೆರವನ್ನೇ ನಿಲ್ಲಿಸಿತು. ಪಾಕಿಸ್ತಾನಕ್ಕೆಂದು ತಯಾರಾಗಿದ್ದ 28 ಎಫ್-16 ವಿಮಾನಗಳು ಅಮೆರಿಕದಲ್ಲೇ ಉಳಿದವು, ಕಟ್ಟಿದ್ದ ದುಡ್ಡು ವರ್ಷಗಟ್ಟಲೆ ಸಿಕ್ಕಿಹಾಕಿಕೊಂಡಿತು. ಬಾಂಬಿನ ವಿಷಯ ಅಮೆರಿಕಕ್ಕೆ ಮೊದಲೇ ಗೊತ್ತಿತ್ತು. ಕೆಲಸ ಇರುವವರೆಗೆ ಕಣ್ಣು ಮುಚ್ಚಿಕೊಂಡಿತ್ತು, ಅಷ್ಟೇ. 1999ರಲ್ಲಿ ಮುಷರಫ್ ಬಂದಾಗಲೂ, 2001ರ ನಂತರವೂ ಇದೇ ಕಥೆ ಮತ್ತೊಮ್ಮೆ ನಡೆಯಿತು. ಇಷ್ಟೆಲ್ಲ ಆಗಿ ಆ ದೇಶದಲ್ಲಿ ಇವತ್ತಿನವರೆಗೆ ಒಬ್ಬ ಪ್ರಧಾನಿಯೂ ಐದು ವರ್ಷದ ಅವಧಿ ಪೂರ್ತಿ ಮಾಡಿಲ್ಲ.

ನಮಗೆ ಹೊರಗಿನ ಒತ್ತಡ ಇರಲಿಲ್ಲವೇ ಅಂತ ನೀವು ಕೇಳಬಹುದು. ಇತ್ತು, ಜಾಸ್ತಿಯೇ ಇತ್ತು. 1965-66ರ ಬರದಲ್ಲಿ ಅಮೆರಿಕದ ಗೋಧಿ ಹಡಗು ಬಂದರೆ ಊಟ ಅನ್ನುವ ಸ್ಥಿತಿ. 1966ರಲ್ಲಿ ವಿಶ್ವಬ್ಯಾಂಕ್ ಮತ್ತು ಐಎಂಎಫ್ ಒತ್ತಡಕ್ಕೆ ರೂಪಾಯಿ ಬೆಲೆ ಇಳಿಸಿದರು, ಡಾಲರಿಗೆ 4.76 ಇದ್ದದ್ದು 7.50 ಆಯಿತು. ಆದರೆ ಅದಕ್ಕೆ ಸಂಸತ್ತಿನಲ್ಲಿ ಸರ್ಕಾರ ಬೈಗುಳ ತಿಂದಿತು, ಸ್ವಂತ ಪಕ್ಷದವರೇ ಬೈದರು, 1967ರ ಚುನಾವಣೆಯಲ್ಲಿ ಎಷ್ಟೋ ರಾಜ್ಯಗಳು ಕಾಂಗ್ರೆಸ್ ಕೈ ತಪ್ಪಿದವು. ಆಳುವವರಿಗೆ ಭಯ ಹುಟ್ಟಿತು. ಸೊಂಟ ಕಟ್ಟಿ ಗೋಧಿ ಬೆಳೆಸಿದ್ದರ ಹಿಂದೆ ಆ ಭಯವೂ ಇತ್ತು ಎಂದು ನಾನು ನಂಬುತ್ತೇನೆ.

ನಿಮ್ಮ ಜಿಲ್ಲೆಯದೇ ಇನ್ನೊಂದು ಮಾತು ಹೇಳಬೇಕು. ಕೆಜಿಎಫ್ ಗಣಿಗಳನ್ನು 1880ರಿಂದ ನಡೆಸಿದ್ದು ಜಾನ್ ಟೇಲರ್ ಕಂಪನಿ, ಇಂಗ್ಲೆಂಡಿನದು. ಸ್ವಾತಂತ್ರ್ಯ ಬಂದ ಮೇಲೂ ಚಿನ್ನ ಅವರ ಕೈಯಲ್ಲೇ ಇತ್ತು. 1956ರಲ್ಲಿ ಮೈಸೂರು ಸರ್ಕಾರ ಪರಿಹಾರ ಕೊಟ್ಟು ಗಣಿಗಳನ್ನು ತನ್ನ ವಶಕ್ಕೆ ತೆಗೆದುಕೊಂಡಿತು. ಅದಕ್ಕೆ ಐದು ವರ್ಷ ಮೊದಲು ಇರಾನಿನ ಚುನಾಯಿತ ಪ್ರಧಾನಿ ಮೊಸದ್ದೆಕ್ ಬ್ರಿಟಿಷ್ ಕಂಪನಿಯ ಕೈಯಲ್ಲಿದ್ದ ಎಣ್ಣೆಯನ್ನು ಹೀಗೇ ರಾಷ್ಟ್ರೀಕರಣ ಮಾಡಿದ್ದರು. 1953ರಲ್ಲಿ ಬ್ರಿಟನ್ ಮತ್ತು ಅಮೆರಿಕದ ಗುಪ್ತಚರರು ಅಲ್ಲಿನ ಸೇನಾಧಿಕಾರಿಗಳನ್ನು ಜೊತೆ ಸೇರಿಸಿಕೊಂಡು ಅವರನ್ನು ಉರುಳಿಸಿದರು. ಚಿನ್ನಕ್ಕೂ ಎಣ್ಣೆಗೂ ವ್ಯತ್ಯಾಸ ಇದೆ, ಎರಡನ್ನೂ ಒಂದೇ ತಕ್ಕಡಿಗೆ ಹಾಕುವುದಿಲ್ಲ. ಆದರೂ ಕೋಲಾರದ ಚಿನ್ನಕ್ಕಾಗಿ ವಿಧಾನಸೌಧದ ಮುಂದೆ ಸೈನ್ಯದ ಟ್ಯಾಂಕ್ ಬರಲಿಲ್ಲ. ಮುಂದೆ ಗಣಿ 2001ರಲ್ಲಿ ಮುಚ್ಚಿದ್ದು, ಕಾರ್ಮಿಕರ ಪಾಡು, ಅದು ಬೇರೆಯೇ ನೋವು. ಅದನ್ನು ಇನ್ನೊಮ್ಮೆ ಬರೆಯುತ್ತೇನೆ.

ನಿಮ್ಮ ಮಗ ಸೈನ್ಯದಲ್ಲಿರುವುದು ನನಗೂ ಹೆಮ್ಮೆ. ನಾನು ಸೈನ್ಯದ ವಿರುದ್ಧ ಒಂದಕ್ಷರ ಬರೆದಿಲ್ಲ. ನಮ್ಮ ಸೈನ್ಯದ ಮೊದಲ ಭಾರತೀಯ ದಂಡನಾಯಕರು ನಮ್ಮ ಕೊಡಗಿನ ಕಾರ್ಯಪ್ಪನವರು, 1949ರ ಜನವರಿ 15ರಂದು ಅಧಿಕಾರ ವಹಿಸಿಕೊಂಡರು. ಒಂದು ಕಾಲದಲ್ಲಿ ಅಯೂಬ್ ಖಾನ್ ಅವರೂ ಇವರೂ ಒಂದೇ ಸೈನ್ಯದ ಅಧಿಕಾರಿಗಳು. 1965ರ ಯುದ್ಧದಲ್ಲಿ ಕಾರ್ಯಪ್ಪನವರ ಮಗ, ವಾಯುಪಡೆಯ ಪೈಲಟ್, ಪಾಕಿಸ್ತಾನಕ್ಕೆ ಸೆರೆ ಸಿಕ್ಕರು. ಬೇಕಾದರೆ ಬಿಡುತ್ತೇವೆ ಎಂದು ಅಯೂಬ್ ಹೇಳಿ ಕಳಿಸಿದಾಗ, ಸೆರೆಯಲ್ಲಿರುವ ಎಲ್ಲರೂ ನನ್ನ ಮಕ್ಕಳೇ, ಎಲ್ಲರಂತೆ ಇವನನ್ನೂ ನೋಡಿ ಎಂದರು. 1971ರಲ್ಲಿ ಇದೇ ಕಾರ್ಯಪ್ಪನವರು ಮುಂಬೈಯಲ್ಲಿ ಲೋಕಸಭೆಗೆ ನಿಂತರು. ಜನ ಸೋಲಿಸಿದರು. ಅವರು ಆ ತೀರ್ಪನ್ನು ಒಪ್ಪಿಕೊಂಡರು. ಒಂದೇ ಶಿಸ್ತು ಕಲಿತ ಇಬ್ಬರು ಜನರಲ್‌ಗಳು, ಒಬ್ಬರು ಜನರನ್ನು ಕೇಳದೆ ದೇಶ ಹಿಡಿದರು, ಇನ್ನೊಬ್ಬರು ಜನರ ಮುಂದೆ ನಿಂತು ಸೋತರು. ನಿಮ್ಮ ಮಗನ ಸೈನ್ಯ ಎರಡನೆಯವರದು, ಮೇಷ್ಟ್ರೇ.

ಸರಿ, ಕೆರೆ. ಮಿಲಿಟರಿ ಬಂದರೆ ಒತ್ತುವರಿ ತೆಗೆಯುತ್ತದೆ ಅಂದುಕೊಂಡಿದ್ದೀರಿ. ಪಾಕಿಸ್ತಾನದಲ್ಲಿ ಸರ್ಕಾರಿ ಜಮೀನನ್ನು ಸೇನಾಧಿಕಾರಿಗಳಿಗೇ ಹಂಚುವ ಪದ್ಧತಿ ಇದೆ. ಅಲ್ಲಿ ಅರ್ಜಿ ಹಿಡಿದು ಯಾರ ಹತ್ತಿರ ಹೋಗುತ್ತೀರಿ?

ಇಲ್ಲಿ ಆರು ವರ್ಷ ನಿಮ್ಮನ್ನು ಅಲೆಸಿದ್ದು ದೊಡ್ಡ ತಪ್ಪು, ಅದನ್ನು ನಾನು ಸಮರ್ಥಿಸುವುದಿಲ್ಲ. ನೀವು ಕಾಗದದಲ್ಲಿ ಕೆರೆಯ ಸರ್ವೆ ನಂಬರ್ ಬರೆದಿಲ್ಲ. ಅದನ್ನು ಕಳಿಸಿ. ಗ್ರಾಮ ನಕ್ಷೆ, ಆಕಾರ್‌ಬಂದ್, ಪಹಣಿಯ ನಕಲು ಇದ್ದರೆ ಜೊತೆಗಿಡಿ, ನಿಮ್ಮ ಹಳೇ ಅರ್ಜಿಗಳ ಸ್ವೀಕೃತಿ ಚೀಟಿಗಳನ್ನೂ ಮರೆಯಬೇಡಿ. ಕೆರೆಯ ಅಚ್ಚುಕಟ್ಟು (ಅದರ ನೀರು ಹಾಯುವ ಜಮೀನು) ಎಷ್ಟು ಅಂತ ಊರ ಹಿರಿಯರನ್ನು ಕೇಳಿ ಬರೆಯಿರಿ. ಅದು 40 ಹೆಕ್ಟೇರ್‌ಗಿಂತ ಜಾಸ್ತಿ ಇದ್ದರೆ ಸಣ್ಣ ನೀರಾವರಿ ಇಲಾಖೆಯವರನ್ನು ಕೇಳಬೇಕು, ಕಡಿಮೆ ಇದ್ದರೆ ಪಂಚಾಯಿತಿಯವರನ್ನು. ಯಾರನ್ನು ಕೇಳಬೇಕು ಅನ್ನುವುದು ಗೊತ್ತಾದ ಮೇಲೆ ಮುಂದಿನ ಸಂಚಿಕೆಯಲ್ಲಿ ಹೆಸರು ಹಿಡಿದೇ ಕೇಳೋಣ. ಯುಗಾದಿ ಕಳೆದ ಮೇಲೆ ನಾನೇ ಒಂದು ದಿನ ನಿಮ್ಮೂರಿಗೆ ಬರುತ್ತೇನೆ, ಏರಿ ಮೇಲೆ ನಿಂತು ಆ ಬೇಲಿ ಎಲ್ಲಿಂದ ಎಲ್ಲಿಗೆ ಹಾಕಿದ್ದಾರೆ ಅಂತ ತೋರಿಸಿ.