ಹಿಮ್ಮಡಿ ನೋವು, ಸೋತಾಗಿನ ಅಳು

ಪ್ರಶ್ನೆ: ಮಗನಿಗೆ 10 ವರ್ಷ. ವಾರಕ್ಕೆ ಆರು ದಿನ, ದಿನಕ್ಕೆ ಎರಡು ಗಂಟೆ ಕ್ರಿಕೆಟ್ ಕೋಚಿಂಗ್. ತಿಂಗಳಿಂದ ಆಡಿ ಬಂದಮೇಲೆ ಹಿಮ್ಮಡಿ ನೋವು ಅಂತಾನೆ. ‘ಓಡಿದ್ರೆ ಸರಿಹೋಗುತ್ತೆ’ ಅಂತಾರೆ ಕೋಚ್. ಆಟ ಬಿಡಿಸಬೇಕೆ?
– ಒಬ್ಬ ತಾಯಿ, ವಿಜಯನಗರ

ಉತ್ತರ: ಬಿಡಿಸಬೇಡಿ, ಕಡಿಮೆ ಮಾಡಿಸಿ. ಓಡಿದರೆ ಇದು ಹೆಚ್ಚುತ್ತದೆ. 8ರಿಂದ 14ರ ವಯಸ್ಸಿನಲ್ಲಿ ಹಿಮ್ಮಡಿ ಮೂಳೆಯ ಹಿಂಬದಿಯಲ್ಲಿ ಇನ್ನೂ ಗಟ್ಟಿಯಾಗದ ಮೆದುವಾದ ಪದರವಿರುತ್ತದೆ. ಮೂಳೆ ಬೆಳೆದಷ್ಟು ಬೇಗ ಮೀನಖಂಡ ಹಿಗ್ಗುವುದಿಲ್ಲ. ಹಾಗಾಗಿ ಓಡಿದಾಗ, ಜಿಗಿದಾಗಲೆಲ್ಲ ಅದು ಆ ಪದರವನ್ನು ಜಗ್ಗುತ್ತದೆ. ವೈದ್ಯರು ಇದಕ್ಕೆ ‘ಸೀವರ್ಸ್’ ಎನ್ನುತ್ತಾರೆ. ಹಿಮ್ಮಡಿಯ ಎರಡೂ ಪಕ್ಕವನ್ನು ಹೆಬ್ಬೆರಳು, ತೋರುಬೆರಳಿನಲ್ಲಿ ಅದುಮಿ ನೋಡಿ. ಹುಡುಗ ಕಾಲು ಎಳೆದುಕೊಂಡರೆ ಬಹುಮಟ್ಟಿಗೆ ಇದೇ.

ನೋವು ಇಳಿಯುವವರೆಗೆ ಬೌಲಿಂಗ್, ರನ್ನಿಂಗ್ ಬೇಡ. ನಿಂತಲ್ಲೇ ಬ್ಯಾಟಿಂಗ್ ಅಭ್ಯಾಸ, ಈಜು ಪರವಾಗಿಲ್ಲ. ಆಟದ ನಂತರ ಬಟ್ಟೆಯಲ್ಲಿ ಸುತ್ತಿದ ಐಸನ್ನು 15 ನಿಮಿಷ ಇಡಿ. ಗೋಡೆಗೆ ಕೈಯೂರಿ, ಹಿಂದಿನ ಕಾಲಿನ ಹಿಮ್ಮಡಿ ನೆಲಕ್ಕೆ ಅಂಟಿಸಿ, 30 ಸೆಕೆಂಡು ಮೀನಖಂಡ ಎಳೆಯಲಿ, ಮೂರು ಸಲ. ಹಿಮ್ಮಡಿ ಎತ್ತಿದರೆ ಎಳೆತವೇ ಸಿಗುವುದಿಲ್ಲ, ಮಕ್ಕಳು ತಪ್ಪುವುದು ಅಲ್ಲೇ. ಅಟ್ಟೆ ಸವೆದ ಶೂ ಬದಲಿಸಿ. ಕುಂಟುತ್ತಿದ್ದರೆ, ಊದಿಕೊಂಡಿದ್ದರೆ, ರಾತ್ರಿ ನೋವಿಗೆ ಎಚ್ಚರವಾದರೆ ಅಥವಾ ಜ್ವರವಿದ್ದರೆ ಮೂಳೆ ವೈದ್ಯರನ್ನು ಕಾಣಿ.

ಕೋಚಿಂಗ್ ವಾರಕ್ಕೆ ಮಗುವಿನ ವಯಸ್ಸಿನಷ್ಟು ಗಂಟೆ ಮೀರಬಾರದು ಎಂಬುದು ಕ್ರೀಡಾವೈದ್ಯರ ಸಾಮಾನ್ಯ ಲೆಕ್ಕ. ನಿಮ್ಮವನದು ಈಗಲೇ 12! ಎರಡು ದಿನ ಬಿಡುವು ಕೊಡಿಸಿ, ಇನ್ನೊಂದು ಆಟವೂ ಇರಲಿ. ನಮ್ಮ ರಾಹುಲ್ ದ್ರಾವಿಡ್ ಕೂಡ ಚಿಕ್ಕಂದಿನಲ್ಲಿ ಹಾಕಿ ಆಡಿದವರೇ.

ಪ್ರಶ್ನೆ: ಶಿಸ್ತು ಕಲಿಯಲಿ ಅಂತ ಮಗಳನ್ನು (8 ವರ್ಷ) ಬ್ಯಾಡ್ಮಿಂಟನ್‌ಗೆ ಸೇರಿಸಿದೆವು. ಸೋತರೆ ಅಳು, ರಾಕೆಟ್ ಎಸೆತ.
– ಒಬ್ಬ ತಂದೆ, ಬನಶಂಕರಿ

ಉತ್ತರ: ಅಳಲಿ ಬಿಡಿ, ರಾಕೆಟ್ ಎಸೆಯುವುದನ್ನು ಮಾತ್ರ ನಿಲ್ಲಿಸಿ. ‘ಎಸೆದರೆ ಅವತ್ತಿನ ಆಟ ಮುಗೀತು’ ಎಂದು ಮೊದಲೇ ಹೇಳಿ. ಎಸೆದಾಗ ಬೈಯದೆ ರಾಕೆಟ್ ಬ್ಯಾಗಿಗೆ ಹಾಕಿ. ಒಂದು ದಿನ ಜಾರಿ, ಮರುದಿನ ವಿನಾಯಿತಿ ಆದರೆ ಕೆಲಸ ಕೆಟ್ಟಿತು. ಪೂರ್ತಿ ಗೇಮ್ ಬದಲು 11 ಪಾಯಿಂಟಿನ ಸಣ್ಣ ಗೇಮ್‌ಗಳನ್ನು ಆಡಿಸಲು ಕೋಚ್‌ಗೆ ಹೇಳಿ: ಒಂದೇ ಸಂಜೆ ಸೋಲು, ಗೆಲುವು ಎರಡೂ ಬಂದುಹೋಗುತ್ತವೆ. ಬೇರೆಯವರ ಆಟಕ್ಕೆ ಲೈನ್ ನೋಡುವ ಕೆಲಸ ಕೊಡಿಸಿ. ‘ಔಟ್’ ಎಂದು ತಾನೇ ಕೂಗಿ ಬೈಸಿಕೊಂಡವಳಿಗೆ ಅಂಪೈರ್ ಮೇಲಿನ ಸಿಟ್ಟು ಇಳಿಯುತ್ತದೆ. ಮನೆಗೆ ಬರುವ ದಾರಿಯಲ್ಲಿ, ಟ್ರಾಫಿಕ್ಕಿನಲ್ಲಿ ಸಿಕ್ಕಿಬಿದ್ದಾಗಲಂತೂ, ಪಂದ್ಯದ ಪೋಸ್ಟ್‌ಮಾರ್ಟಂ ಬೇಡವೇ ಬೇಡ.

ಪ್ರಶ್ನೆ: ಅಪಾರ್ಟ್‌ಮೆಂಟಿನಲ್ಲಿ ಮೈದಾನವಿಲ್ಲ. ಏನು ಆಡಿಸಲಿ?
– ಮಾರತ್ತಹಳ್ಳಿಯ ಓದುಗರು

ಉತ್ತರ: ದಿನಕ್ಕೆ ಸರಾಸರಿ 60 ನಿಮಿಷ ಮೈ ಬೆವರಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ, ಒಂದೇ ಸಲ ಆಗಬೇಕಿಲ್ಲ. ವಾಹನ ಓಡಾಡದ ಮೂಲೆಯಲ್ಲಿ ಸೀಮೆಸುಣ್ಣದಿಂದ ಕುಂಟೆಬಿಲ್ಲೆ ಬರೆದುಕೊಡಿ. ಸ್ಕಿಪ್ಪಿಂಗ್ ಹಗ್ಗದ ನಡುವೆ ತುಳಿದು ನಿಂತರೆ ಹಿಡಿ ಕಂಕುಳಿಗೆ ಬರಬೇಕು, ಉದ್ದವಾದರೆ ಕಾಲಿಗೆ ತೊಡರುತ್ತದೆ. ಟೈಲ್ಸ್ ಮೇಲೆ ಸಾಕ್ಸ್‌ನಲ್ಲಿ ಹಾರಿಸಬೇಡಿ.