ಐದು ಕೆಜಿ ಗುಂಡಿನಿಂದ ಏಳೂಕಾಲು ಕೆಜಿಗೆ

ಮೇಡಂ, ನಿಮ್ಮ ತಮ್ಮ ಹೈಸ್ಕೂಲಿನಿಂದಲೂ ಗುಂಡು ಎಸೆತದಲ್ಲಿ (ಶಾಟ್‌ಪುಟ್) 5 ಕೆಜಿ ಗುಂಡು ಎಸೆಯುತ್ತಿದ್ದವನು, ಡಿಗ್ರಿ ಸೇರುವ ಮೊದಲು ಏನು ತಯಾರಿ ಬೇಕು ಅಂತ ಕೇಳಿದ್ದೀರಿ. ನಾನೂ ಅದೇ ದಾರಿಯಲ್ಲಿ ಬಂದವನು, ಅದಕ್ಕೇ ಬರೆಯುತ್ತಿದ್ದೇನೆ.

ಅಂತರ ವಿಶ್ವವಿದ್ಯಾಲಯ ಕೂಟದಲ್ಲಿ ಪುರುಷರ ಗುಂಡು 7.26 ಕೆಜಿ. ಒಂದೇ ಸಲ ಅದನ್ನು ಎತ್ತಿಕೊಂಡರೆ ಭುಜ, ಮಣಿಕಟ್ಟು ಕೈಕೊಡುತ್ತವೆ. ಕೆಲವು ತಿಂಗಳು 6 ಕೆಜಿಯಲ್ಲಿ ಪಳಗಲಿ. 20 ವರ್ಷದೊಳಗಿನವರ ಗುಂಡಿನ ತೂಕವೂ ಅದೇ. ದೂರ ಕಡಿಮೆಯಾಗುತ್ತದೆ, ಆಗ ದಯವಿಟ್ಟು ಮನೆಯಲ್ಲಿ ಯಾರೂ ಬೈಯಬೇಡಿ.

ಬಲ ಹುಟ್ಟುವುದು ತೊಡೆ, ಸೊಂಟದಲ್ಲಿ. ತೋಳಿನದು ಕೊನೆಯ ಕೆಲಸ. ಹಾಗಾಗಿ ಸ್ಕ್ವಾಟ್ಸ್ ತಪ್ಪಿಸಬಾರದು. ಹಿಡಿತ ಸರಿಯಿದೆಯಾ ಅಂತ ನೀವೇ ನೋಡಬಹುದು: ಅಭ್ಯಾಸ ಮುಗಿಸಿ ಬಂದಾಗ ಕತ್ತಿನ ಮೇಲೆ ಮಣ್ಣಿನ ಗುರುತಿದ್ದು ಅಂಗೈ ನಡುಭಾಗ ಸ್ವಚ್ಛವಾಗಿರಬೇಕು. ಗುಂಡು ಕೂರಬೇಕಾದ್ದು ಬೆರಳುಗಳ ಬುಡದಲ್ಲಿ, ಕತ್ತಿಗೆ ಒತ್ತಿಕೊಂಡು.

ಇನ್ನೊಂದು ಮಾತು. ಶಾಲೆಯ ಮಣ್ಣಿನಂಗಳದಲ್ಲಿ ಕಲಿತವರು ಕೂಟಗಳಲ್ಲಿ ಗುಂಡು ಎಸೆಯುವ ಸಿಮೆಂಟ್ ವೃತ್ತದಲ್ಲಿ ಜಾರಿ ಫೌಲ್ ಮಾಡುತ್ತಾರೆ. 2.135 ಮೀಟರ್ ವ್ಯಾಸದ ವೃತ್ತವನ್ನು ತಾರಸಿಯ ಮೇಲೆ ಸೀಮೆಸುಣ್ಣದಲ್ಲಿ ಬರೆದು, ಗುಂಡಿಲ್ಲದೆ ಬರೀ ಹೆಜ್ಜೆ ಅಭ್ಯಾಸ ಮಾಡಲಿ. ಮೊಟ್ಟೆ, ಮುದ್ದೆ, ನಿದ್ದೆ ಮೂರೂ ಹೊತ್ತಿಗೆ ಸರಿಯಾಗಿ ಸಿಗಲಿ.

ಕ್ರೀಡಾ ಕೋಟಾದ ಸೀಟಿಗೆ ಮೂಲ ಪ್ರಮಾಣಪತ್ರಗಳು ಬೇಕಾಗುತ್ತವೆ, ಈಗಲೇ ಒಂದು ಫೈಲಿಗೆ ಹಾಕಿಡಿ.