ಮನೆಯಲ್ಲಿ ಮಾಡಿದ ಕಾಫಿ ಒಂದು ದಿನ ಹುಳಿ, ಇನ್ನೊಂದು ದಿನ ಕಹಿ. ಬೀಜ ಬದಲಿಸಬೇಕಾ?

ಬೀಜಕ್ಕಿಂತ ಮೊದಲು ಪುಡಿಯನ್ನು ನೋಡಿ. ಕಾಫಿಯ ಹುಳಿ ನೀರಿಗೆ ಬೇಗ ಇಳಿಯುತ್ತದೆ, ಸಿಹಿ ಆಮೇಲೆ, ಕಹಿ ಕೊನೆಗೆ. ಹುಳಿ ಅನ್ನಿಸಿದರೆ ಸ್ವಲ್ಪ ನುಣ್ಣಗೆ ಬೀಸಿ, ಆಗ ಉಳಿದ ರುಚಿಯೂ ಬೇಗ ಇಳಿಯುತ್ತದೆ. ಕಹಿ, ಒಗರು ಅನ್ನಿಸಿದರೆ ತರಿಯಾಗಿ. ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಇಲ್ಲದಿದ್ದರೆ ಯಾವುದರಿಂದ ರುಚಿ ಸರಿಹೋಯಿತು ಅಂತ ಗೊತ್ತಾಗುವುದೇ ಇಲ್ಲ, ಅಲ್ವಾ?

15 ಗ್ರಾಂ ಪುಡಿಗೆ 240 ಮಿಲಿ ನೀರು ಒಳ್ಳೆಯ ಅಳತೆ. ಚಮಚ ನಂಬಬೇಡಿ, ತೂಕ ಹಾಕಿ. ಅದೇ ಒಂದು ಚಮಚದಲ್ಲಿ ಕಡಿಮೆ ಹುರಿದ ಬೀಜದ ತೂಕ ಜಾಸ್ತಿ ಇರುತ್ತದೆ.

ಹೊಸದಾಗಿ ಶುರು ಮಾಡುವವರಿಗೆ ನಾನು ಹೇಳುವುದು ಫ್ರೆಂಚ್ ಪ್ರೆಸ್, ಅಂದರೆ ಪುಡಿಯನ್ನು ಬಿಸಿನೀರಲ್ಲಿ ನೆನೆಸಿ ಜಾಲರಿ ಒತ್ತಿ ಸೋಸುವ ಜಗ್. ತರಿ ಪುಡಿ, 4 ನಿಮಿಷ, ಅಷ್ಟೇ. ಪೋರ್ ಓವರ್ (ಫಿಲ್ಟರ್‌ನಲ್ಲಿರುವ ಪುಡಿಯ ಮೇಲೆ ಬಿಸಿನೀರು ಸುರಿಯುವ ವಿಧಾನ) ಆದರೆ ಮೊದಲು ಪುಡಿ ನೆನೆಯುವಷ್ಟು ಮಾತ್ರ ನೀರು ಹಾಕಿ 30 ಸೆಕೆಂಡ್ ಬಿಡಿ. ತಾಜಾ ಪುಡಿ ಗುಳ್ಳೆ ಗುಳ್ಳೆಯಾಗಿ ಉಬ್ಬುತ್ತದೆ, ಒಳಗಿನ ಕಾರ್ಬನ್ ಡೈಆಕ್ಸೈಡ್ ಹೊರಬರುತ್ತದೆ. ನೋಡಲಿಕ್ಕೇ ಖುಷಿ! ಉಬ್ಬದೆ ಸುಮ್ನೆ ಒದ್ದೆಯಾದರೆ ಬಹುಶಃ ಬೀಜ ಹಳೆಯದು. ಅದಕ್ಕೇ ಕೊಳ್ಳುವಾಗ ಪ್ಯಾಕೆಟ್ ಮೇಲೆ ಹುರಿದ ದಿನಾಂಕ ಹುಡುಕಿ.

ಇನ್ನು ಜಾತಿ. ಅರೇಬಿಕಾಗೆ ಘಮ ಜಾಸ್ತಿ, ರುಚಿ ಮೆದು. ರೊಬಸ್ಟಾ ಕಡು, ಕೆಫೀನ್ ಹೆಚ್ಚುಕಡಿಮೆ ಎರಡರಷ್ಟು. ಹಾಲು ಬೆರೆಸುವುದಾದರೆ ಸ್ವಲ್ಪ ರೊಬಸ್ಟಾ ಇರಲಿ.